ಸಿಮೆಂಟ್ ಲಾರಿಯ ಇಸಿಎಂ ಕಪ್ಲರ್: ಡಬ್ಬಿ ಉಳಿಸಿದ ರಿಪೇರಿ

ದಸರೆ ಮುಗಿದ ಮೇಲೆ ಕಲಬುರಗಿಯ ಹುಮನಾಬಾದ್ ರಸ್ತೆಯ ಗ್ಯಾರೇಜುಗಳಿಗೆ ಬರುವ ಲಾರಿಗಳಲ್ಲಿ ವೈರಿಂಗ್ ದೂರುಗಳೇ ಹೆಚ್ಚು. ಖಂಡೇನವಮಿಯ ಪೂಜೆಗೆಂದು ಗಾಡಿಯನ್ನು ಎಂಜಿನ್ ಸಮೇತ ತೊಳೆಸುತ್ತಾರೆ. ಪ್ರೆಷರ್ ಪಂಪಿನ ನೀರು ಎಲ್ಲಿ ಹೋಗಬಾರದೋ ಅಲ್ಲಿಗೆ ಹೋಗುತ್ತದೆ. ಹೊಸ ಗಾಡಿಯಾದರೆ ಸೀಲುಗಳು ತಡೆಯುತ್ತವೆ, ಹಳೆಯದಾದರೆ ಒಂದೆರಡು ದಿನದಲ್ಲೇ ಮೀಟರ್ ಬೋರ್ಡಿನ ದೀಪಗಳು ಹತ್ತಿಕೊಳ್ಳುತ್ತವೆ.

ಈ ಸಲ ನನ್ನ ಕೈಗೆ ಬಂದದ್ದು ಸೇಡಂ ಕಡೆಯಿಂದ ಸೊಲ್ಲಾಪುರಕ್ಕೆ ಸಿಮೆಂಟ್ ಚೀಲ ಹೊರುವ ಹನ್ನೆರಡು ಚಕ್ರದ ಲಾರಿ. 2018ರ ಗಾಡಿ, ಬಿಎಸ್-4 ಹೊಗೆ ನಿಯಮದ್ದು, ಕಾಮನ್ ರೈಲ್ ಡೀಸೆಲ್ ಎಂಜಿನ್, 24 ವೋಲ್ಟ್ ವೈರಿಂಗ್. ಮಾಲೀಕರೇ ಡ್ರೈವರ್. ದೂರು ಹೀಗಿತ್ತು: ಎಕ್ಸಲರೇಟರ್ ಒತ್ತಿದರೂ ಕೆಲವೊಮ್ಮೆ ಎಂಜಿನ್ ವೇಗ ಹಿಡಿಯುವುದಿಲ್ಲ, ಚಕ್ರ ಗುಂಡಿಗೆ ಇಳಿದಾಗ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ, ಒಮ್ಮೊಮ್ಮೆ ಎಂಜಿನ್ ಪೂರ್ತಿ ನಿಂತೇ ಹೋಗುತ್ತದೆ. ಬೇರೊಂದು ಕಡೆ ತೋರಿಸಿ ಪೆಡಲನ್ನು ಹೊಸದು ಹಾಕಿಸಿದ್ದರು, ಗುಣ ಕಾಣಲಿಲ್ಲ. ಕೊನೆಗೆ ಅವರಿಗೆ ಸಿಕ್ಕ ತೀರ್ಪು, 'ಇಸಿಎಂ ಹೋಗಿದೆ, ಬದಲಿಸಿ.' ಇಸಿಎಂ ಎಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಡಬ್ಬಿ.

"ತಮ್ಮಾ, ಆ ಡಬ್ಬಿಯ ರೇಟು ಕೇಳಿದರೆ ಎದೆ ಒಡೆಯುತ್ತದೆ. ಅದಕ್ಕೆ ದುಡ್ಡು ಹಾಕಿದರೆ ಗಾಡಿಯ ಕಂತು ಕಟ್ಟುವುದು ಹೇಗೆ?" ಎಂದರು.

"ಕಾಕಾ, ಡಬ್ಬಿ ಸತ್ತಿದ್ದರೆ ಗಾಡಿ ನಡೆಸಿಕೊಂಡು ನೀವು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಮೊದಲು ವೈರ್ ನೋಡೋಣ" ಎಂದೆ.

ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಇಸಿಎಂ ಒಳಗಿನ ಬೋರ್ಡ್ ಕೆಡುವುದು ಉಂಟು. ಆದರೆ ಗುಂಡಿಗೆ ಇಳಿದಾಗ ಕೆಟ್ಟು, ಸಮ ರಸ್ತೆಯಲ್ಲಿ ಸರಿಯಾಗುವ ದೋಷವನ್ನು ಮೊದಲು ಹುಡುಕಬೇಕಾದದ್ದು ಅಲುಗಾಡುವ ಜಾಗದಲ್ಲಿ. ಡಬ್ಬಿ ಬದಲಿಸುವುದು ನಾಲ್ಕು ಬೋಲ್ಟಿನ ಕೆಲಸವೂ ಅಲ್ಲ. ಹೊಸದಕ್ಕೆ ಆ ಗಾಡಿಯ ಪ್ರೋಗ್ರಾಂ ತುಂಬಬೇಕು, ಡೀಸೆಲ್ ಚಿಮ್ಮಿಸುವ ಪ್ರತಿ ಇಂಜೆಕ್ಟರಿನ ಮೇಲೆ ಕೊರೆದಿರುವ ತಿದ್ದುಪಡಿ ಸಂಖ್ಯೆಯನ್ನು ಒಂದೊಂದಾಗಿ ಬರೆಯಬೇಕು. ಇಷ್ಟೆಲ್ಲ ಮಾಡಿ ಅದೇ ಹಳೆಯ ಕಪ್ಲರ್, ಅಂದರೆ ವೈರುಗಳನ್ನು ಡಬ್ಬಿಗೆ ಸೇರಿಸುವ ಪ್ಲಗ್, ಚುಚ್ಚಿದರೆ ದೋಷವೂ ಹೊಸ ಡಬ್ಬಿಗೆ ಬಂದು ಕೂರುತ್ತದೆ.

ಇಸಿಎಂ ಬರೆದಿಟ್ಟ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿದಾಗ ಬಂದ ಮುಖ್ಯ ದೋಷ ಸಂಕೇತಗಳು ಪಿ2138 ಮತ್ತು ಪಿ0562. ಮೊದಲನೆಯದು ಪೆಡಲಿನ ಎರಡು ಸೆನ್ಸಾರ್‌ಗಳ ಲೆಕ್ಕ ಒಂದಕ್ಕೊಂದು ಹೊಂದುತ್ತಿಲ್ಲ ಎನ್ನುತ್ತದೆ. ಪೆಡಲಿನಲ್ಲಿ ಎರಡು ಸೆನ್ಸಾರ್ ಇರುತ್ತವೆ, ಎರಡಕ್ಕೂ ಬೇರೆ ಬೇರೆ 5 ವೋಲ್ಟ್, ಬೇರೆ ಬೇರೆ ಅರ್ಥ್. ಈ ಗಾಡಿಯ ಪೆಡಲಿನಲ್ಲಿ ಒಂದರ ವೋಲ್ಟೇಜ್ ಯಾವಾಗಲೂ ಇನ್ನೊಂದರ ಅರ್ಧ ಇರಬೇಕು. ಲೆಕ್ಕ ತಪ್ಪಿದರೆ ಎಂಜಿನ್ ತಾನಾಗಿ ಎಗರದಂತೆ ಇಸಿಎಂ ಪೆಡಲಿನ ಮಾತನ್ನೇ ಕೇಳುವುದಿಲ್ಲ. ಎರಡನೆಯ ಸಂಕೇತ ಇಸಿಎಂಗೆ ಸಿಗುವ ಬ್ಯಾಟರಿ ವೋಲ್ಟೇಜ್ ಕಡಿಮೆ ಎಂದು. ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ 25.1 ವೋಲ್ಟ್ ಚೆನ್ನಾಗಿಯೇ ಇತ್ತು. ಇನ್ನು ಆರ್‌ಪಿಎಂ ಮುಳ್ಳು: ಅದಕ್ಕೆ ಸುದ್ದಿ ಹೋಗುವುದು ಕ್ಯಾನ್ ಎಂಬ ಎರಡು ಹೆಣೆದ ವೈರುಗಳ ಮೇಲೆ.

ಪೆಡಲ್, ಬ್ಯಾಟರಿ ಸಪ್ಲೈ, ಕ್ಯಾನ್. ಮೂರೂ ಒಂದೇ ಸಲ ಕೆಡುವುದು ಅಪರೂಪ. ಆದರೆ ಈ ಮೂರೂ ಇಸಿಎಂ ಒಳಗೆ ಹೋಗುವುದು ಒಂದೇ ಕಪ್ಲರಿನ ಮೂಲಕ. ಈ ಡಬ್ಬಿಗೆ ಎರಡು ಕಪ್ಲರ್‌ಗಳಿವೆ: ಒಂದಕ್ಕೆ ಎಂಜಿನ್ ಕಡೆಯ ಸೆನ್ಸಾರ್ ಮತ್ತು ಇಂಜೆಕ್ಟರ್ ವೈರುಗಳು, ಇನ್ನೊಂದಕ್ಕೆ ಕ್ಯಾಬಿನ್ ಮತ್ತು ಚಾಸಿ ಕಡೆಯವು. ರೈಲ್ ಪ್ರೆಷರ್, ನೀರಿನ ತಾಪ, ಕ್ರ್ಯಾಂಕ್ ಸೆನ್ಸಾರ್ ಯಾವುದರ ಮೇಲೂ ದೂರಿಲ್ಲವಾದ್ದರಿಂದ ಎಂಜಿನ್ ಕಡೆಯ ಕಪ್ಲರನ್ನು ಸದ್ಯಕ್ಕೆ ಬಿಟ್ಟೆ. ಸೆನ್ಸಾರ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವ ಬದಲು ಕೆಟ್ಟ ದಾರಿಗಳೆಲ್ಲ ಎಲ್ಲಿ ಸೇರುತ್ತವೆ ಎಂದು ನೋಡುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಕಪ್ಲರ್ ಬಿಚ್ಚುವ ಮೊದಲು ಒಂದು ಸುಲಭ ಪರೀಕ್ಷೆ. ಬ್ಯಾಟರಿ ಕಟ್-ಆಫ್ ಮಾಡಿ, ಸ್ಕ್ಯಾನರ್ ಹಾಕುವ ಸಾಕೆಟ್ಟಿನಲ್ಲಿ ಕ್ಯಾನಿನ ಎರಡು ವೈರುಗಳ ನಡುವೆ ಓಮ್ ಅಳೆಯಬೇಕು. ಕ್ಯಾನ್ ದಾರಿಯ ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ. ಎರಡೂ ಸಮಾನಾಂತರವಾಗಿ ಸೇರುವುದರಿಂದ ಮೀಟರ್ ಅರ್ಧ, ಅಂದರೆ 60 ತೋರಿಸಬೇಕು. ಈ ಗಾಡಿಯಲ್ಲಿ ಒಂದು ರೆಸಿಸ್ಟರ್ ಇಸಿಎಂ ಒಳಗೇ ಇದೆ. ಮೀಟರ್ 60 ತೋರಿಸುತ್ತಿತ್ತು. ಗ್ಯಾರೇಜಿನ ಹುಡುಗನಿಗೆ ಕಪ್ಲರಿನ ಹಿಂದಿನ ವೈರ್ ಗುಚ್ಛವನ್ನು ಮೆಲ್ಲಗೆ ಅಲುಗಾಡಿಸಲು ಹೇಳಿದೆ. ಅಂಕಿ 60ರಿಂದ 120ಕ್ಕೆ ಹಾರಿತು, ಕೈ ಬಿಟ್ಟ ಕೂಡಲೇ 60ಕ್ಕೆ ಬಂತು. ಅಂದರೆ ಇಸಿಎಂ ಒಳಗಿನ ರೆಸಿಸ್ಟರಿನ ಸಂಪರ್ಕ ಕಪ್ಲರಿನ ಜಾಗದಲ್ಲಿ ತಪ್ಪುತ್ತಿತ್ತು. ಕಾಕಾ ಪಕ್ಕದಲ್ಲೇ ನಿಂತು ಆ ಅಂಕಿ ನೋಡಿದರು. ಡಬ್ಬಿಯಲ್ಲಿ ತಪ್ಪಿಲ್ಲ ಎಂದು ಬಾಯಲ್ಲಿ ಹೇಳುವುದಕ್ಕಿಂತ ಮೀಟರಿನಲ್ಲಿ ತೋರಿಸುವುದು ಮೇಲು.

ಒಂದು ಎಚ್ಚರಿಕೆ: ಕೀಲಿ ಬಂದ್ ಮಾಡಿದ ಕ್ಷಣವೇ ಬ್ಯಾಟರಿ ಕಟ್ ಮಾಡಬಾರದು. ಕೀಲಿ ಬಂದ್ ಆದ ಮೇಲೂ ಇಸಿಎಂ ಸ್ವಲ್ಪ ಹೊತ್ತು ಎಚ್ಚರವಿದ್ದು ಲೆಕ್ಕಗಳನ್ನು ಬರೆದಿಡುತ್ತದೆ. ಕೆಲವು ನಿಮಿಷ ಕಾದು, ಆಮೇಲೆ ಕಟ್-ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಬೇಕು.

ಕಪ್ಲರಿಗೆ ಕೈ ಹಾಕಿದಾಗ ಮೊದಲು ಕಂಡದ್ದು ಕಟ್ಟುವ ತಂತಿ. ಕಪ್ಲರನ್ನು ಬಿಗಿಯಾಗಿ ಎಳೆದು ಕೂರಿಸುವ ಲಿವರ್ ಯಾವಾಗಲೋ ಮುರಿದಿದೆ. ಯಾರೋ ಸೆಂಟ್ರಿಂಗ್ ಕೆಲಸದ ತಂತಿ ಸುತ್ತಿ ಬಿಗಿದಿದ್ದಾರೆ. ಇಷ್ಟೊಂದು ಪಿನ್ನುಗಳ ಕಪ್ಲರನ್ನು ಕೈಯ ಬಲದಿಂದ ಪೂರ್ತಿ ಒತ್ತಲು ಆಗುವುದಿಲ್ಲ, ಅದಕ್ಕೇ ಲಿವರ್ ಇರುವುದು. ಲಿವರ್ ಇಲ್ಲದ ಕಪ್ಲರ್ ಕೂದಲೆಳೆಯಷ್ಟು ಹೊರಗೇ ನಿಂತಿತ್ತು. ಅಷ್ಟೇ ಸಾಕು, ಒಳಗಿನ ರಬ್ಬರ್ ಸೀಲ್ ಕೂರುವುದಿಲ್ಲ, ಎಂಜಿನ್ ನಡುಗಿದಂತೆಲ್ಲ ಇಸಿಎಂ ಪಿನ್ನುಗಳು ವೈರಿನ ತುದಿಯ ಲೋಹದ ಟರ್ಮಿನಲ್ ಒಳಗೆ ಉಜ್ಜಿಕೊಳ್ಳುತ್ತವೆ. ಹಾಗೆ ಉಜ್ಜಿ ಉಜ್ಜಿ ತವರದ ಲೇಪ ಕಪ್ಪು ಪುಡಿಯಾಗುತ್ತದೆ, ಆ ಪುಡಿಗೆ ಕರೆಂಟ್ ದಾಟಿಸುವ ಗುಣವಿಲ್ಲ.

ತಂತಿ ಕತ್ತರಿಸಿ ಕಪ್ಲರ್ ಎಳೆದು ಬಿಸಿಲಿಗೆ ಹಿಡಿದೆವು. ಒಂದು ಮೂಲೆಯಲ್ಲಿ ಬೂದು ಬಣ್ಣದ ಹೆಪ್ಪು. ಉಗುರಿನಲ್ಲಿ ಕೆರೆದರೆ ಪುಡಿ ಬರುವಷ್ಟು ಗಟ್ಟಿ: ಸಿಮೆಂಟ್. ವರ್ಷಗಟ್ಟಲೆ ಕೂತ ಧೂಳಿಗೆ ತೊಳೆದ ನೀರು ಸೇರಿ ಕಪ್ಲರಿನ ಒಳಗೇ ಸಿಮೆಂಟ್ ಗಟ್ಟಿಯಾಗಿತ್ತು. ನಮ್ಮ ಭಾಗದ ಲಾರಿಗಳಿಗೆ ಇದು ದೊಡ್ಡ ಶತ್ರು. ಒಣಗಿದ ಧೂಳು ಸುಮ್ಮನಿರುತ್ತದೆ. ಒದ್ದೆಯಾದ ಸಿಮೆಂಟ್ ಮಾತ್ರ ಸುಣ್ಣದಷ್ಟೇ ತೀಕ್ಷ್ಣ ಕ್ಷಾರ. ಇಸಿಎಂನ ಮೈ ಅಲ್ಯುಮಿನಿಯಂ, ಪಿನ್ನಿನ ಲೇಪ ತವರ. ಎರಡನ್ನೂ ಕ್ಷಾರ ತಿನ್ನುತ್ತದೆ. ಒದ್ದೆ ಇರುವಷ್ಟು ಹೊತ್ತು ಪಕ್ಕದ ಪಿನ್ನುಗಳ ನಡುವೆ ಕರೆಂಟೂ ಸೋರುತ್ತದೆ.

ಅದೇ ಮೂಲೆಯಲ್ಲಿ ಎರಡು ಟರ್ಮಿನಲ್‌ಗಳು ಹಸಿರಾಗಿದ್ದವು, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ನಕ್ಷೆ ನೋಡಿದರೆ ಎರಡೂ ಬ್ಯಾಟರಿಯಿಂದ ನೇರ ಬರುವ ಪ್ಲಸ್. ಹಸಿರು ಮೊದಲು ಪ್ಲಸ್ ಪಿನ್ನಿಗೆ ಬರುವುದು ಆಕಸ್ಮಿಕವಲ್ಲ. ಗಾಡಿ ನಿಂತಾಗಲೂ ಅಲ್ಲಿ 24 ವೋಲ್ಟ್ ಇರುತ್ತದೆ, ತೇವದ ಮೂಲಕ ಪಕ್ಕದ ಅರ್ಥ್ ಕಡೆಗೆ ಸಣ್ಣ ಕರೆಂಟ್ ಹರಿಯುತ್ತದೆ, ಹರಿಯುವಾಗ ಪ್ಲಸ್ ಕಡೆಯ ತಾಮ್ರವನ್ನು ಕರಗಿಸುತ್ತದೆ. ಪ್ಲಾಸ್ಟಿಕ್ ಕಂದಾದದ್ದಕ್ಕೂ ಲೆಕ್ಕವಿದೆ. ಸಂಪರ್ಕದಲ್ಲಿ ಬರೀ ಅರ್ಧ ಓಮ್ ರೋಧ ಇದ್ದು 10 ಆಂಪಿಯರ್ ಹರಿದರೆ 5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಅಂದರೆ ಅಕ್ಕಿಕಾಳಿನಷ್ಟು ಜಾಗದಲ್ಲಿ 50 ವ್ಯಾಟ್ ಶಾಖ. ನನ್ನ ಸಾಲ್ಡರಿಂಗ್ ಐರನ್ ಇರುವುದೇ 25 ವ್ಯಾಟ್.

ನೀರು ಒಳಗೆ ಬರಲು ಸೀಲ್ ಒಂದೇ ದಾರಿಯಾಗಿರಲಿಲ್ಲ. ಕಪ್ಲರಿನಿಂದ ಗೇಣುದ್ದ ಹಿಂದೆ ಕೀಲಿ ಸಪ್ಲೈ ವೈರಿನ ಮೈ ಸುಲಿದು ಜಿಪಿಎಸ್ ಡಬ್ಬಿಗೆ ಕರೆಂಟ್ ತೆಗೆದಿದ್ದರು, ಮೇಲೆ ಸಾದಾ ಟೇಪ್. ಟೇಪಿನ ಅಂಟು ಬಿಸಿಗೆ ಕರಗಿ ಜಾರಿತ್ತು. ವೈರಿನ ಎಳೆಗಳ ನಡುವಿನ ಸಂದಿಯಲ್ಲಿ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತದೆ. ಆ ಗಾಯದಿಂದ ಹೊಕ್ಕ ನೀರು ವೈರಿನ ಹೊದಿಕೆಯ ಒಳಗೇ ಸಾಗಿ ಸೀಲನ್ನು ದಾಟಿ ಟರ್ಮಿನಲ್ ತಲುಪಿದೆ. ಹೊದಿಕೆ ಸೀಳಿ ನೋಡಿದಾಗ ತಾಮ್ರ ಅಷ್ಟು ದೂರವೂ ಕಪ್ಪಾಗಿತ್ತು. ಗುಂಡುಸೂಜಿ ಚುಚ್ಚಿ ಕರೆಂಟ್ ನೋಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಒಂದೊಂದು ತೂತೂ ಇಂಥದ್ದೇ ಬಾಗಿಲು. ಬೇಕಾದರೆ ಕಪ್ಲರಿನ ಹಿಂಬದಿಯಿಂದ, ಸೀಲಿನ ಪಕ್ಕದಲ್ಲಿ ತೆಳು ಪ್ರೋಬ್ ಇಳಿಸಿ ಅಳೆಯಿರಿ. ಮುಂಬದಿಯಿಂದ ಮೀಟರಿನ ದಪ್ಪ ಕಡ್ಡಿಯನ್ನು ಟರ್ಮಿನಲ್ ಬಾಯಿಗೆ ತುರುಕುವುದಂತೂ ಬೇಡವೇ ಬೇಡ. ಒಮ್ಮೆ ಬಾಯಿ ಅಗಲವಾದ ಟರ್ಮಿನಲ್ ಮತ್ತೆ ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಇಲ್ಲದ ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ.

ಟರ್ಮಿನಲ್‌ಗಳನ್ನು ಹೊರತೆಗೆಯುವ ಮುನ್ನ ಸಪ್ಲೈ ದಾರಿ ಎಷ್ಟು ಕೆಟ್ಟಿದೆ ಎಂದು ನಾನು ಅಳೆದಿಟ್ಟಿದ್ದೆ. ಹಿಂಬದಿಯಿಂದ ನೋಡಿದರೆ ಆ ವೈರಿನಲ್ಲಿ 25 ವೋಲ್ಟ್ ಕಾಣುತ್ತದೆ, ಕಾರಣ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ಒಂದೇ ಎಳೆ ಉಳಿದಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಅದಕ್ಕೆ ನಾನು 24 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಇಟ್ಟುಕೊಂಡಿದ್ದೇನೆ, 75/70 ವ್ಯಾಟಿನದು. ಎರಡೂ ಫಿಲಮೆಂಟ್ ಸೇರಿಸಿದರೆ ಸುಮಾರು 6 ಆಂಪಿಯರ್ ಎಳೆಯುತ್ತದೆ. ಬಲ್ಬ್ ಹತ್ತಿಸಿಕೊಂಡು, ಆ ಹಸಿರು ಟರ್ಮಿನಲ್ ಮೂಲಕ ಅಳೆದಾಗ ಸಿಕ್ಕದ್ದು 21.8 ವೋಲ್ಟ್. ನಿಂತ ಗಾಡಿಯಲ್ಲೇ ಇಷ್ಟು ಕಡಿಮೆಯಾದರೆ ಸೆಲ್ಫ್ ಹೊಡೆಯುವಾಗ ಇಸಿಎಂಗೆ ಏನು ಉಳಿದೀತು?

ಇನ್ನು ರಿಪೇರಿ ಹೇಗೆ ಎಂಬ ಪ್ರಶ್ನೆ. ಕಪ್ಲರಿನ ಹಿಂದೆ ಎಲ್ಲ ವೈರ್ ಕತ್ತರಿಸಿ, ಹಳೆಯ ಗಾಡಿಯಿಂದ ತಂದ ತುಂಡು ಕಪ್ಲರನ್ನು ಗಂಟು ಹಾಕಿ ಸೇರಿಸುವವರಿದ್ದಾರೆ. ಬೇಗ ಆಗುವ ಕೆಲಸ. ಆದರೆ ಚೆನ್ನಾಗಿರುವ ಹತ್ತಾರು ವೈರುಗಳಿಗೂ ಒಂದೊಂದು ಜೋಡಣೆ ಬಂದಂತಾಯಿತು. ಪ್ರತಿ ಜೋಡಣೆಯೂ ಮುಂದೆ ಒಂದು ದೂರು. ನಾನು ಹಿಡಿದದ್ದು ನಿಧಾನದ ದಾರಿ: ಹೊಸ ಹೌಸಿಂಗ್ (ಕಪ್ಲರಿನ ಪ್ಲಾಸ್ಟಿಕ್ ಮೈ), ಹೊಸ ಲಿವರ್, ಹೊಸ ಸೀಲ್, ಮತ್ತು ಕೆಟ್ಟ ಟರ್ಮಿನಲ್‌ಗಳು ಮಾತ್ರ ಹೊಸವು. ಬಿಡಿಭಾಗಗಳು ಇಲ್ಲಿ ಸಿಗಲಿಲ್ಲ, ಹೈದರಾಬಾದಿನಿಂದ ತರಿಸಿದೆ. ಗಾಡಿ ನಿಂತಷ್ಟು ದಿನ ಬಾಡಿಗೆ ಹೋಗುತ್ತದೆಂಬ ಸಂಕಟ ಕಾಕಾನ ಮುಖದಲ್ಲಿ ಕಾಣುತ್ತಿತ್ತು, ಆದರೂ ಅವರು ಅವಸರ ಮಾಡಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಹಳೆಯ ಹೌಸಿಂಗಿನ ಹಿಂಬದಿಯ ಫೋಟೋ ತೆಗೆದು, ಪ್ರತಿ ವೈರಿಗೂ ತೂತಿನ ಸಂಖ್ಯೆ ಬರೆದ ಚೀಟಿ ಸುತ್ತಿದೆವು. ಬಣ್ಣ ನಂಬಿ ಕೂರಬಾರದು, ಎಣ್ಣೆ ಮತ್ತು ಬಿಸಿಗೆ ಹಳದಿ, ಕಂದು, ಕಿತ್ತಳೆ ಎಲ್ಲ ಒಂದೇ ಆಗಿರುತ್ತವೆ. ಟರ್ಮಿನಲ್ ಹೊರತೆಗೆಯಲು ಮೊದಲು ಪಕ್ಕದ ಅಡ್ಡ ಲಾಕನ್ನು ಸರಿಸಬೇಕು. ಆಮೇಲೆ ಮುಂಬದಿಯಿಂದ ಎರಡು ಕಡ್ಡಿಗಳ ಟೂಲ್ ಇಳಿಸಿದರೆ ಟರ್ಮಿನಲ್ಲಿನ ಎರಡು ಪುಟ್ಟ ರೆಕ್ಕೆಗಳು ಒಳಗೆ ಮಡಚಿಕೊಳ್ಳುತ್ತವೆ. ಆಗ ವೈರನ್ನು ಮೊದಲು ಸ್ವಲ್ಪ ಮುಂದಕ್ಕೆ ಒತ್ತಿ, ನಂತರ ಹಿಂದಕ್ಕೆ ಎಳೆಯಬೇಕು. ಒತ್ತದೆ ಎಳೆದರೆ ರೆಕ್ಕೆ ಪ್ಲಾಸ್ಟಿಕ್ಕನ್ನು ಕೊರೆಯುತ್ತದೆ. ಚೆನ್ನಾಗಿದ್ದ ಟರ್ಮಿನಲ್‌ಗಳ ಆ ರೆಕ್ಕೆಗಳನ್ನು ಸೂಜಿಯಿಂದ ಎತ್ತಿ ಹೊಸ ಹೌಸಿಂಗಿನಲ್ಲಿ 'ಟಿಕ್' ಎಂದು ಕೇಳುವವರೆಗೆ ತಳ್ಳಿದೆವು.

ಬದಲಿಸಿದ್ದು ಹನ್ನೊಂದು: ಬ್ಯಾಟರಿ ಪ್ಲಸ್ ಎರಡು, ಅರ್ಥ್ ಎರಡು, ಕೀಲಿ ಸಪ್ಲೈ ಒಂದು, ಪೆಡಲಿನವು ನಾಲ್ಕು, ಕ್ಯಾನಿನವು ಎರಡು. ಸಪ್ಲೈಗೆ 2.5 ಚದರ ಮಿಲಿಮೀಟರ್ ವೈರ್, ಸೆನ್ಸಾರ್‌ಗೆ 0.75. ಕಪ್ಪಾದ ತಾಮ್ರವನ್ನು ಕೆರೆದು ಉಪಯೋಗಿಸಲಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಅಷ್ಟುದ್ದ ಹೊಸ ವೈರ್ ಸೇರಿಸಿದೆ.

ಇಲ್ಲಿ ಸಾಲ್ಡರ್ ಬಗ್ಗೆ ಒಂದು ಮಾತು. ಟರ್ಮಿನಲ್ ಒತ್ತಿ ಅದರ ಮೇಲೆ ಸಾಲ್ಡರ್ ಸುರಿದರೆ ಗಟ್ಟಿ ಎಂಬ ನಂಬಿಕೆ ಇದೆ. ಸಾಲ್ಡರ್ ಎಳೆಗಳೊಳಗೆ ಹರಿದು ವೈರನ್ನು ಕಡ್ಡಿಯಂತೆ ಗಡುಸು ಮಾಡುತ್ತದೆ. ಗಡುಸು ಭಾಗ ಮುಗಿದು ಮೆದು ಭಾಗ ಶುರುವಾಗುವ ಗೆರೆಯಲ್ಲೇ ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಲಾರಿ ಎಂಜಿನ್ ಮೇಲೆ ಸರಿಯಾದ ಕ್ರಿಂಪಿಂಗೇ, ಅಂದರೆ ಟರ್ಮಿನಲನ್ನು ವೈರಿಗೆ ಒತ್ತಿ ಹಿಡಿಸುವುದೇ, ಗಟ್ಟಿ. ಟರ್ಮಿನಲ್ಲಿನ ಹಿಂಭಾಗದಲ್ಲಿ ಎರಡು ಜೋಡಿ ಕಿವಿಗಳಿರುತ್ತವೆ: ಮುಂದಿನ ಜೋಡಿ ತಾಮ್ರವನ್ನು, ಹಿಂದಿನದು ಹೊದಿಕೆಯನ್ನು ಹಿಡಿಯಬೇಕು. ಹಿಂದಿನ ಜೋಡಿ ತಬ್ಬಬೇಕು, ಕಚ್ಚಬಾರದು. ಸಾದಾ ಇಕ್ಕಳದಲ್ಲಿ ಒತ್ತಿದರೆ ಕಿವಿಗಳು ಚಪ್ಪಟೆಯಾಗುತ್ತವೆ, ಒಳಗೆ ಸುರುಳಿಯಾಗಿ ಎಳೆಗಳನ್ನು ಹಿಸುಕುವುದಿಲ್ಲ. ಪೂರ್ತಿ ಒತ್ತುವವರೆಗೆ ಬಿಡದ ರ್‍ಯಾಚೆಟ್ ಇಕ್ಕಳವೇ ಬೇಕು. ಕೆಲಸದ ವೈರಿಗೆ ಕೈ ಹಾಕುವ ಮೊದಲು 0.75ರ ತುಂಡಿಗೆ ಒಂದು ಟರ್ಮಿನಲ್ ಒತ್ತಿ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ಎಳೆದೆವು. ಒಂಬತ್ತು ಕೆಜಿ ದಾಟಿದರೂ ವೈರ್ ಜಾರಲಿಲ್ಲ. ಆಮೇಲೆ ಹುಡುಗನ ಕೈಗೂ ಇಕ್ಕಳ ಕೊಟ್ಟೆ.

ವೈರ್ ಸೇರಿಸಿದ ಜಾಗಗಳನ್ನು ಒಂದರ ಪಕ್ಕ ಒಂದು ಬರದಂತೆ ಹಿಂದೆ ಮುಂದೆ ಇಟ್ಟು, ಒಳಗೆ ಅಂಟು ಇರುವ ಸ್ಲೀವ್ ಹಾಕಿ, ಎರಡೂ ತುದಿಯಲ್ಲಿ ಅಂಟು ಉಕ್ಕುವವರೆಗೆ ಬಿಸಿ ಮಾಡಿದೆವು. ಕ್ಯಾನಿನ ಎರಡು ವೈರುಗಳ ಹೆಣಿಗೆಯನ್ನು ಕಪ್ಲರಿನ ಹತ್ತಿರದವರೆಗೂ ಉಳಿಸಿದೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗುವುದು ಆ ಹೆಣಿಗೆಯಿಂದಲೇ. ವೈರಿಲ್ಲದ ಖಾಲಿ ತೂತುಗಳಿಗೆ ಬಿರಟೆ ಹಾಕುವುದನ್ನು ಎಷ್ಟೋ ಜನ ಬಿಡುತ್ತಾರೆ. ಹಳೆಯ ಕಪ್ಲರಿನಲ್ಲಿ ಅಂಥ ಒಂದು ತೂತು ತೆರೆದೇ ಇತ್ತು, ಸಿಮೆಂಟ್ ಹೆಪ್ಪುಗಟ್ಟಿದ ಮೂಲೆಯೂ ಅದೇ. ಜಿಪಿಎಸ್ ಡಬ್ಬಿಗೆ ಕ್ಯಾಬಿನ್ ಒಳಗಿನ ಫ್ಯೂಸ್ ಬಾಕ್ಸಿನಿಂದ ಬೇರೆ ಫ್ಯೂಸ್ ಹಾಕಿ ಸಪ್ಲೈ ಕೊಟ್ಟೆ.

ಇಸಿಎಂ ಕಡೆಯ ಪಿನ್ನುಗಳಿಗೆ ನೀರು ಮುಟ್ಟಿಸಲಿಲ್ಲ. ಸಿಮೆಂಟನ್ನು ಒಣಗಿದಂತೆಯೇ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಡಬ್ಬಿಯನ್ನು ತಲೆಕೆಳಗು ಹಿಡಿದು ಮೆದು ಬ್ರಷ್ಷಿನಿಂದ ಉದುರಿಸಿ, ನಂತರ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತೊಳೆದೆ. ಸ್ಯಾಂಡ್ ಪೇಪರ್ ಉಜ್ಜಿದರೆ ಲೇಪ ಹೋಗಿ ಹಿತ್ತಾಳೆ ಹೊರಬೀಳುತ್ತದೆ, ಅದು ಬೇಡ. ಒಂದು ಪಿನ್ ಓರೆಯಾಗಿತ್ತು. ಹಲ್ಲಿಲ್ಲದ ಚಪ್ಪಟೆ ಮೂತಿಯ ಇಕ್ಕಳದಿಂದ ಒಂದೇ ಸಲಕ್ಕೆ ನೇರ ಮಾಡಿದೆ. ಅತ್ತಿತ್ತ ಬಗ್ಗಿಸುತ್ತ ಹೋದರೆ ಬುಡದಲ್ಲೇ ಮುರಿಯುತ್ತದೆ. ಕಪ್ಲರ್ ಜೋಡಿಸುವ ಮೊದಲು ಅದೇ ಅಳತೆಯ ಬಿಡಿ ಪಿನ್ನೊಂದನ್ನು ಪ್ರತಿ ಟರ್ಮಿನಲ್ಲಿಗೂ ಹಾಕಿ ತೆಗೆದು, ಹಿಡಿತವನ್ನು ಬೆರಳಲ್ಲಿ ನೋಡಿದೆ. ಹಳೆಯವುಗಳಲ್ಲಿ ಒಂದು ಸಡಿಲ ಅನ್ನಿಸಿತು, ಅದನ್ನೂ ಬದಲಿಸಿದ್ದರಿಂದ ಹನ್ನೊಂದು ಹನ್ನೆರಡಾಯಿತು. ಗ್ರೀಸನ್ನು ರಬ್ಬರ್ ಸೀಲಿಗೆ ತೆಳುವಾಗಿ ಸವರಿದೆ, ಟರ್ಮಿನಲ್ ಬಾಯಿಗೆ ತುಂಬಲಿಲ್ಲ.

ಲಿವರ್ ಮುಚ್ಚಿದ ಮೇಲೆ ಎಲ್ಲ ಅಳತೆ ಮತ್ತೆ. ಬ್ಯಾಟರಿ ಕೊಡುವ ಮೊದಲು ಕ್ಯಾನ್ 60 ಓಮ್, ಗುಚ್ಛವನ್ನು ಎಷ್ಟು ಅಲುಗಾಡಿಸಿದರೂ ಅದೇ. ಬ್ಯಾಟರಿ ಕೊಟ್ಟು ಸಪ್ಲೈ ದಾರಿಯಲ್ಲಿ ಬಲ್ಬ್ ಹತ್ತಿಸಿದಾಗ ಕಳೆಯುವುದು 0.1 ವೋಲ್ಟ್. ಎಂಜಿನ್ ನಡೆಯುವಾಗ ಇಸಿಎಂ ಅರ್ಥಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಅದಕ್ಕಿಂತ ಕಡಿಮೆ. ಪೆಡಲನ್ನು ಮೆಲ್ಲಗೆ ಒತ್ತುತ್ತ ಸ್ಕ್ಯಾನರಿನಲ್ಲಿ ಎರಡೂ ಸೆನ್ಸಾರ್‌ಗಳನ್ನು ನೋಡಿದರೆ ಮೇಲಿಂದ ಕೆಳಗಿನವರೆಗೂ ಒಂದು ಇನ್ನೊಂದರ ಅರ್ಧ, ಎಲ್ಲಿಯೂ ಜಿಗಿತವಿಲ್ಲ. ಖಾಲಿ ಗಾಡಿಯನ್ನು ಸೇಡಂ ರಸ್ತೆಯಲ್ಲಿ ಮಳಖೇಡದ ಕಾಗಿಣಾ ಸೇತುವೆಯವರೆಗೆ ಓಡಿಸಿದೆವು. ಕಾಕಾ ಬೇಕೆಂದೇ ಚಕ್ರವನ್ನು ಗುಂಡಿಗಳಿಗೆ ಇಳಿಸುತ್ತಿದ್ದರು, ಕಣ್ಣು ಆರ್‌ಪಿಎಂ ಮುಳ್ಳಿನ ಮೇಲೆ. ಮುಳ್ಳು ಕದಲಲಿಲ್ಲ. ಆಮೇಲೆ ಲೋಡ್ ಹೊತ್ತು ಸೊಲ್ಲಾಪುರಕ್ಕೆ ಹೋಗಿ ಬಂದ ಮೇಲೆ ಸ್ಕ್ಯಾನರ್ ಹಾಕಿದೆ, ಹೊಸ ಸಂಕೇತ ಒಂದೂ ಇರಲಿಲ್ಲ.

ತೊಳೆಯುವವರಿಗೆ ಹೇಳಬೇಕಾದದ್ದನ್ನು ಕಾಕಾನಿಗೆ ಹೇಳಿ ಕಳಿಸಿದೆ: ಇಸಿಎಂ ಕಡೆ ಪ್ರೆಷರ್ ನೀರು ಬೇಡ, ಒಣ ಗಾಳಿ ಹೊಡೆದು ಧೂಳು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಾಡಿ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಜೊತೆಗೆ ಎರಡೂ ಕಪ್ಲರ್ ಬಿಚ್ಚಿಸಬೇಕು. ಒಂದು ಕೆಲಸ ಮಾತ್ರ ಬಾಕಿ ಇದೆ. ಇಸಿಎಂ ಕೂರಿಸುವ ನಾಲ್ಕು ರಬ್ಬರ್ ಬುಷ್ಷುಗಳಲ್ಲಿ ಎರಡು ಬಿರುಕು ಬಿಟ್ಟಿವೆ, ಡಬ್ಬಿ ಅಷ್ಟರ ಮಟ್ಟಿಗೆ ಹೆಚ್ಚು ನಡುಗುತ್ತದೆ. ಹೊಸ ಬುಷ್ಷುಗಳಿಗೆ ಹೇಳಿ ಕಳಿಸಿದ್ದೇನೆ; ಅವು ಬಂದ ಕೂಡಲೇ ಹಾಕಿ, ಆಗ ಎಂಜಿನ್ ಕಡೆಯ ಕಪ್ಲರನ್ನೂ ಬಿಚ್ಚಿ ನೋಡುತ್ತೇನೆ.